ಪ್ರವಾಸ ಒಲ್ಲದ ಪಿಯಾನೊ, ಮೈಸೂರಿನ ಕಿವಿ

ಸಿತಾರಿನವರು ತಮ್ಮ ಸಿತಾರನ್ನು ಜೊತೆಗೇ ಒಯ್ಯುತ್ತಾರೆ. ತಬಲದವರು ತಮ್ಮದೇ ಜೋಡಿಯನ್ನು ಹೆಗಲಿಗೇರಿಸಿ ರೈಲು ಹತ್ತುತ್ತಾರೆ. ಅಂಕೋಲೆಯ ಭಜನೆಯಲ್ಲಿ ಪೇಟಿ ಹಿಡಿಯುವವರನ್ನೇ ನೋಡಿ: ಬೇರೆಯವರ ಪೇಟಿ ಎದುರಿಗೆ ಬಂದರೆ ಮೊದಲು ತಿದಿ ಒತ್ತಿ, ನಾಲ್ಕು ಸ್ವರ ಎಳೆದು, ಯಾವ ಮನೆ ಬಿಗಿ, ಯಾವುದು ಸಡಿಲ ಎಂದು ತಿಳಿದುಕೊಳ್ಳದೆ ಹಾಡಿಗೆ ಕೈ ಹಾಕುವುದಿಲ್ಲ. ಪಿಯಾನೊ ವಾದಕನ ಪಾಡು ಇದಕ್ಕಿಂತ ಕಠಿಣ. ಸಭಾಂಗಣದ ದೊಡ್ಡ ಪಿಯಾನೊ ಸುಮಾರು ಐದು ಕ್ವಿಂಟಲ್ ತೂಗುತ್ತದೆ. ಅದನ್ನು ಹೊತ್ತು ದೇಶ ಸುತ್ತುವುದು ಎಲ್ಲರಿಂದಾಗದು. ಹೋದ ಊರಿನಲ್ಲಿ ಯಾವುದಿದೆಯೋ ಅದರ ಮುಂದೆ ಕೂರಬೇಕು, ಮಧ್ಯಾಹ್ನ ಪರಿಚಯ ಮಾಡಿಕೊಂಡು ಸಂಜೆಗೆ ಜೀವಮಾನದ ಸಾಧನೆಯನ್ನು ಅದರ ಮೇಲೆ ಇಡಬೇಕು.

ಇಪ್ಪತ್ತನೇ ಶತಮಾನದ ದೊಡ್ಡ ಪಿಯಾನೊ ವಾದಕರಲ್ಲಿ ಕೆಲವರು ಪ್ರವಾಸದ ಬಗ್ಗೆ ಅಷ್ಟು ಗಟ್ಟಿ ನಿಲುವು ತಳೆದದ್ದು ಇದರಿಂದಲೂ ಇರಬೇಕು. ಕೆನಡಾದ ಗ್ಲೆನ್ ಗೂಲ್ಡ್ 1964ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನುಡಿಸಿದ್ದೇ ಕೊನೆ, ಮತ್ತೆ ವೇದಿಕೆ ಹತ್ತಲಿಲ್ಲ. ಆಗ ಅವರಿಗೆ ಇನ್ನೂ 31. ರಷ್ಯದ ಸ್ವಿಯಾತೊಸ್ಲಾವ್ ರಿಕ್ಟರ್ ವಿಮಾನ ಬೇಡವೆಂದು 1986ರಲ್ಲಿ ತಮ್ಮ ಯಮಾಹಾ ಪಿಯಾನೊದೊಂದಿಗೆ ನೆಲದ ಹಾದಿಯಲ್ಲೇ ಸೈಬೀರಿಯಾ ದಾಟಿದರು, ಸಭಾಂಗಣವೇ ಇಲ್ಲದ ಸಣ್ಣ ಊರುಗಳಲ್ಲೂ ಕೂತು ನುಡಿಸಿದರು. ಈ ಇಬ್ಬರ ಕಥೆ ಸಂಗೀತಪ್ರಿಯರಿಗೆ ಗೊತ್ತಿರುವುದೇ. ಈ ವಾರ ನಾನು ಹೇಳಬೇಕೆಂದಿರುವುದು ಇನ್ನೊಬ್ಬರ ವಿಷಯ. ಪ್ರವಾಸ ಅವರಿಗೆ ಒಗ್ಗಲಿಲ್ಲ, ಕೀರ್ತಿಯೂ ಸಿಗಬೇಕಾದಷ್ಟು ಸಿಗಲಿಲ್ಲ. ಆದರೆ ಅವರ ಬೆರಳುಗಳ ನಾದ ಇಂದು ನಮಗೆ ಕೇಳಿಸುತ್ತಿದೆ ಎಂದರೆ ಅದಕ್ಕೆ ಕಾರಣ ಮೈಸೂರು.

ನಿಕೊಲಾಯ್ ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರ ಆರಂಭದಲ್ಲಿ. ಅಲ್ಲಿನ ಸಂಗೀತ ವಿದ್ಯಾಲಯದಿಂದ 1900ರಲ್ಲಿ ಚಿನ್ನದ ಪದಕ ಪಡೆದು ಹೊರಬಂದಾಗ ಯುರೋಪಿನ ವೇದಿಕೆಗಳು ಅವರಿಗೆ ಕಾದಿದ್ದವು. ಹುಡುಗ ಒಲ್ಲೆನೆಂದ. ಊರೂರು ತಿರುಗಿ ಕೈಚಳಕ ತೋರುವ ಬದಲು ಕೂತು ಸಂಗೀತ ರಚಿಸುವೆನೆಂದ. ಹದಿನಾಲ್ಕು ಪಿಯಾನೊ ಸೊನಾಟಾ, ವಾದ್ಯವೃಂದದ ಜೊತೆ ನುಡಿಸುವ ಮೂರು ಕಾನ್ಸರ್ಟೊ, ನೂರಕ್ಕೂ ಹೆಚ್ಚು ಹಾಡು, ಪಿಯಾನೊಗಾಗಿ ಹತ್ತಾರು ಪುಟ್ಟ ಕಥನಗಳು ಆ ನಿರ್ಧಾರದ ಫಲ. ರಾಖ್ಮಾನಿನೊಫ್ ಇವರ ಆಪ್ತ ಗೆಳೆಯ. ತಮ್ಮ ನಾಲ್ಕನೇ ಕಾನ್ಸರ್ಟೊವನ್ನು ಅವರು ಮೆಟ್ನರ್‌ಗೆ ಅರ್ಪಿಸಿದರು, ಮೆಟ್ನರ್ ತಮ್ಮ ಎರಡನೆಯದನ್ನು ಅವರಿಗೆ ಅರ್ಪಿಸಿದರು.

ಕ್ರಾಂತಿಯ ನಂತರ, 1921ರಲ್ಲಿ, ದೇಶ ಬಿಟ್ಟ ಮೇಲೆ ಒಲ್ಲದ ಪ್ರವಾಸವೇ ಹೊಟ್ಟೆಪಾಡಿನ ದಾರಿಯಾಯಿತು. ರಾಖ್ಮಾನಿನೊಫ್ ನೆರವಿನಿಂದ 1924ರಲ್ಲಿ ಅಮೆರಿಕ ಸುತ್ತಿದರು. 1927ರಲ್ಲಿ ಹುಟ್ಟೂರಿನತ್ತ ಒಮ್ಮೆ ಹೋಗಿ ಬಂದರು, ಮರುವರ್ಷ ಇಂಗ್ಲೆಂಡ್, ಆಮೇಲೆ ಮತ್ತೆ ಅಮೆರಿಕ. ಆದರೆ ಪ್ರವಾಸಿ ಕಲಾವಿದನಿಗೆ ಬೇಕಾದ ಗುಣ ಅವರಲ್ಲಿರಲಿಲ್ಲ. ಜನ ಕೇಳಿ ಬಲ್ಲ, ಚಪ್ಪಾಳೆ ಖಚಿತವಾದ ಕೃತಿಗಳನ್ನು ಬಿಟ್ಟು ಬಹುಪಾಲು ತಮ್ಮವನ್ನೇ ನುಡಿಸುತ್ತಿದ್ದರು. ಅವು ಒಂದೇ ಕೇಳ್ವಿಕೆಗೆ ಬಾಗಿಲು ತೆರೆಯುವಂಥವಲ್ಲ. ಒಂದು ಸಣ್ಣ ಸ್ವರಗುಚ್ಛ ಬೀಜದಂತೆ ಬಿದ್ದು, ಮುಂದಿನ ಅರ್ಧ ಗಂಟೆ ಅದೇ ಬೇರೆ ಬೇರೆ ಮುಖದಲ್ಲಿ ಎದ್ದು ಬರುತ್ತಿರುತ್ತದೆ. ಮೊದಲ ಸಲ ಕೇಳಿದವರಿಗೆ ಆ ನೆಂಟಸ್ತಿಕೆ ಗುರುತು ಸಿಗುವುದಿಲ್ಲ, ಮೂರನೇ ಸಲಕ್ಕೆ ಸಿಗುತ್ತದೆ. ಇವತ್ತು ಒಂದೂರು, ನಾಳೆ ಇನ್ನೊಂದೂರು ಎನ್ನುವ ಕಲಾವಿದನಿಗೆ ಮೂರನೇ ಸಲ ಎಂಬುದೇ ಇರುವುದಿಲ್ಲ.

1935ರಲ್ಲಿ ಲಂಡನ್ ಸೇರಿದರು. ಯುದ್ಧ ಬಂತು, ಆದಾಯ ಬತ್ತಿತು. ಶಿಷ್ಯೆ ಎಡ್ನಾ ಐಲ್ಸ್ ಅವರ ಮನೆಯವರು ವಾರ್ವಿಕ್‌ಶೈರ್‌ನಲ್ಲಿ ಆಸರೆ ಕೊಟ್ಟರು. ಅಲ್ಲಿ ಮೂರನೇ ಕಾನ್ಸರ್ಟೊ ಬರೆಯುತ್ತಿದ್ದ ಕಾಲದಲ್ಲೇ, 1942ರಲ್ಲಿ, ಹೃದಯಾಘಾತವಾಯಿತು. ಚೇತರಿಸಿಕೊಂಡು 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದನ್ನು ತಾವೇ ನುಡಿಸಿದರು. ಇನ್ನು ದೇಶ ಸುತ್ತುವ ಮಾತೇ ಇರಲಿಲ್ಲ.

ಇತ್ತ ಮೈಸೂರಿನಲ್ಲಿ ಇನ್ನೊಂದು ಪಿಯಾನೊ ಜೀವನ ಬೇರೆ ಬಗೆಯಲ್ಲಿ ನಿಂತುಹೋಗಿತ್ತು. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರಿಗೆ ಪಿಯಾನೊ ವಾದಕನಾಗಬೇಕೆಂಬ ಹಂಬಲ. ಹವ್ಯಾಸಿಯ ಮೋಜು ಅದಾಗಿರಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪರೀಕ್ಷೆ ಪಾಸು ಮಾಡಿದ ಕೈ ಅವರದು. 1940ರ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಇಪ್ಪತ್ತೊಂದರ ಯುವಕ ಸಿಂಹಾಸನ ಏರಬೇಕಾಯಿತು. ಯುರೋಪಿನ ಸಭಾಂಗಣಗಳಲ್ಲಿ ನುಡಿಸುವ ಕನಸು ಅಲ್ಲಿಗೆ ಮುಗಿಯಿತು.

ಆ ಹಂಬಲ ಕೇಳುವುದರ ಕಡೆ ತಿರುಗಿತು. ಅರಮನೆಯಲ್ಲಿ ಇಪ್ಪತ್ತು ಸಾವಿರದಷ್ಟು ಗ್ರಾಮಫೋನ್ ತಟ್ಟೆಗಳ ಸಂಗ್ರಹವಿತ್ತೆನ್ನುತ್ತಾರೆ. ಅಷ್ಟಿದ್ದೂ ಮೆಟ್ನರ್ ಕೃತಿಗಳು ಬೇಕಾದಷ್ಟಿರಲಿಲ್ಲ, ಏಕೆಂದರೆ ಯಾವ ಕಂಪನಿಗೂ ಅವುಗಳಲ್ಲಿ ಲಾಭ ಕಾಣುತ್ತಿರಲಿಲ್ಲ. ಮಹಾರಾಜರು ಖರ್ಚು ತಾವೇ ವಹಿಸಿಕೊಂಡರು. ಎಚ್.ಎಂ.ವಿ.ಯಲ್ಲಿ ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಧ್ವನಿಮುದ್ರಣ ಶುರುವಾಯಿತು. ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೇ ಬಂದು ಮಾತುಕತೆ ಮುಗಿಸಿಕೊಂಡು ಹೋದರು. ಅವರು ಕಟ್ಟುತ್ತಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಮೂರು ವರ್ಷ, ವರ್ಷಕ್ಕೆ ಹತ್ತು ಸಾವಿರ ಪೌಂಡಿನ ನೆರವಿನ ಒಪ್ಪಂದವಾಯಿತು. 1947ರಲ್ಲಿ ಮೂರೂ ಕಾನ್ಸರ್ಟೊಗಳು ತಟ್ಟೆಗೆ ಬಂದವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ದೊಬ್ರೊವೆನ್ ವಾದ್ಯವೃಂದ ನಡೆಸಿದರು. ಪಿಯಾನೊ ಸ್ವತಃ ಮೆಟ್ನರ್ ಅವರದು. 67ರ ವಯಸ್ಸು, ಒಮ್ಮೆ ಕೈಕೊಟ್ಟ ಹೃದಯ, ಆದರೂ ಆ ಕೈಗಳಲ್ಲಿ ಸುಸ್ತಿನ ಸುಳಿವಿಲ್ಲ. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಇವರ ಹಾಡುಗಳನ್ನು ಹಾಡಿದಾಗಲೂ ಪಿಯಾನೊದ ಮುಂದೆ ಕೂತವರು ಇವರೇ. ಮೂರನೇ ಕಾನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಯಿತು. 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ಮೆಟ್ನರ್ ತೀರಿಕೊಂಡರು. ಕೆಲವೇ ವರ್ಷ ತಡವಾಗಿದ್ದರೆ ನಮ್ಮ ಪಾಲಿಗೆ ಬಹುಮಟ್ಟಿಗೆ ಅವರ ಕಾಗದದ ಮೇಲಿನ ಸ್ವರಗಳೇ ಉಳಿಯುತ್ತಿದ್ದವು.

ಇನ್ನೊಂದು ಸಂಗತಿ ನನಗೆ ಅಷ್ಟೇ ಪ್ರಿಯ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದ್ದು ಫುರ್ಟ್‌ವೆಂಗ್ಲರ್. ಮಹಾರಾಜರು ಅಲ್ಲಿರಲಿಲ್ಲ. ಆದರೆ ಆ ಕಛೇರಿಗೆ ಹಣದ ಖಾತರಿ ಅವರದು, ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದೇ ಕರಾರು. ಹೀಗೆ ಲಂಡನ್ನಿನ ಕಛೇರಿಯೇ ಕಡಲು ದಾಟಿ ಕೇಳುಗನ ಮನೆಗೆ ಬಂತು.

ಇದನ್ನು ರಾಜನ ಶೋಕಿ ಎಂದು ತಳ್ಳಿಹಾಕುವವರುಂಟು. ನಾನು ಒಪ್ಪುವುದಿಲ್ಲ. ಶೋಕಿಯಾಗಿದ್ದರೆ ಆ ಹಣಕ್ಕೆ ಎಲ್ಲರೂ ಹೆಸರು ಕೇಳಿದ, ಫೋಟೊದಲ್ಲಿ ಮೆರೆಯುವ ವಾದಕರನ್ನೇ ಮೈಸೂರಿಗೆ ಕರೆಸಿ ದರ್ಬಾರು ಮಾಡಬಹುದಿತ್ತು. ಇವರು ಆರಿಸಿದ್ದು ಮಾರುಕಟ್ಟೆ ಮರೆತ, ಕಾಯಿಲೆಯ, ಎಂದೂ ಮೈಸೂರಿಗೆ ಬರಲಾಗದ ಒಬ್ಬ ಮುದುಕನನ್ನು. ಪಿಯಾನೊದ ಮುಂದೆ ವರ್ಷಗಟ್ಟಲೆ ಕೂತವರಿಗೆ ಮಾತ್ರ ಆ ಆಯ್ಕೆ ಸಾಧ್ಯ. ಇದೇ ಒಡೆಯರು ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದ ಕಡೆ ಹೊರಳಿ, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿನ ಅಪೂರ್ವ ರಾಗಗಳ ಮೇಲಿನ ಮೋಹ ನೋಡಿದರೆ, ಮೆಟ್ನರನ್ನು ಹುಡುಕಿದ ಕಿವಿಯೇ ಇದು ಎನ್ನಿಸುತ್ತದೆ. ತಂಗಿ ವಿಜಯಾದೇವಿಯವರು ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೊಯರ್‌ಮನ್ ಬಳಿ ಪಿಯಾನೊ ಕಲಿತು ಬಂದವರು, ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ಅವರ ಬಗ್ಗೆಯೇ ಒಂದು ಅಂಕಣ ಬರೆಯಬೇಕು.

ನಮ್ಮ ಕಾರವಾರಕ್ಕೆ ಇದೆಲ್ಲ ಆಗ ದೂರದ ಸುದ್ದಿ. ಮೆಟ್ನರ್ ಧ್ವನಿಮುದ್ರಣ ನಡೆಯುವಾಗ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು, ಜಯಚಾಮರಾಜರು ಆ ರಾಜ್ಯದ ರಾಜ್ಯಪಾಲರಾಗಿ 1964ರವರೆಗೆ ಇದ್ದರು. ನಮ್ಮ ಹಿರಿಯರು ಅವರನ್ನು ಸರ್ಕಾರಿ ಫೋಟೊಗಳಲ್ಲಿ ಕಂಡವರು. ಆ ಪೇಟದ ಕೆಳಗೆ ಎಂಥ ಪಿಯಾನೊ ಕಿವಿಯಿತ್ತೆಂಬುದು ಎಷ್ಟು ಮಂದಿಗೆ ಗೊತ್ತಿತ್ತು?

ಪ್ರವಾಸಿ ಪಿಯಾನೊ ವಾದಕರು ನಮ್ಮ ಕರಾವಳಿಗೆ ಬರುವುದಿಲ್ಲ, ಬಂದರೂ ಅವರ ಮುಂದಿಡಲು ವಾದ್ಯವಿಲ್ಲ. ಇದರಲ್ಲಿ ಹವೆಯ ಪಾಲೂ ಇದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಬೇಸಿಗೆಯಲ್ಲೂ ಉಪ್ಪಿನ ಗಾಳಿ ಬೀಸುವ ಊರು ನಮ್ಮದು. ಪಿಯಾನೊದ ಹಲಗೆ ಉಬ್ಬುತ್ತದೆ, ಶ್ರುತಿ ಸರಿಯುತ್ತದೆ, ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ಸುತ್ತಿಗೆಗೆ ಸುತ್ತಿದ ಉಣ್ಣೆ ತೇವ ಹೀರಿ ನಾದ ಮಂಕಾಗುತ್ತದೆ. ಪೇಟಿಯನ್ನೇ ಮಳೆಗಾಲದಲ್ಲಿ ಬಟ್ಟೆ ಸುತ್ತಿ, ಒಳಗೆ ನುಸಿಗುಳಿಗೆ ಇಟ್ಟು ಕಾಯುವವರು ನಾವು. ಗೋವೆಗೆ ಹೋಗಿ ಕೇಳಿ ಬರಬಹುದು, ಹೋಗಬೇಕು ಕೂಡ. ಉಳಿದಂತೆ ನಮ್ಮ ಪಾಲಿಗೆ ಧ್ವನಿಮುದ್ರಿಕೆಯೇ ಕಛೇರಿ. ಅದು ಎರಡನೇ ದರ್ಜೆಯ ಕೇಳ್ವಿಕೆ ಎಂಬ ಮಾತನ್ನು ಮೆಟ್ನರ್ ವಿಷಯದಲ್ಲಂತೂ ನಾನು ಒಪ್ಪಲಾರೆ. ಅವರ ಸಂಗೀತ ಬಯಸುವುದು ಅದೇ ಕೃತಿಗೆ ಮತ್ತೆ ಮತ್ತೆ ಕಿವಿಗೊಡುವ ಕೇಳುಗನನ್ನು, ತಟ್ಟೆ ಕೊಟ್ಟದ್ದೂ ಅದನ್ನೇ. ಹಳೆಯ ತಟ್ಟೆಯಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ಎದ್ದು ಮಗ್ಗುಲು ಬದಲಿಸಬೇಕಿತ್ತು. ಈಗ ಅದೇ ಮುದ್ರಣ ಫೋನಿನಲ್ಲೇ ಸಿಗುತ್ತದೆ.

ಕೇಳಬೇಕೆನ್ನುವವರು ಕಾನ್ಸರ್ಟೊದಿಂದ ಶುರು ಮಾಡಬೇಡಿ. ಓಪಸ್ 20ರ ಮೊದಲ ಕಥನ ಹಾಕಿಕೊಳ್ಳಿ, ಮೆಟ್ನರ್ ನುಡಿಸಿದ್ದನ್ನೇ. ಮೂರು ನಿಮಿಷದ ಆಸುಪಾಸಿನದು. ಪೀಠಿಕೆಯಿಲ್ಲದೆ ರಾಗ ನೇರ ಮಾತಿಗಿಳಿಯುತ್ತದೆ, ಅದೇ ಮಾತು ಮರಳಿದಾಗಲೆಲ್ಲ ಕೆಳಗಿನ ಸ್ವರಗಳು ದಟ್ಟವಾಗುತ್ತ ಹೋಗುತ್ತವೆ. ಮೆಟ್ನರ್ ಎಲ್ಲಿಯೂ ಅಳುವುದಿಲ್ಲ. ದುಃಖವನ್ನು ಬೆನ್ನು ನೆಟ್ಟಗಿಟ್ಟುಕೊಂಡು ಹೇಳುತ್ತಾರೆ. ಎರಡನೇ ಸಲ ಎಡಗೈಯನ್ನು ಮಾತ್ರ ಹಿಂಬಾಲಿಸಿ. ಮೂರನೇ ಸಲ ಎರಡೂ ಕೈ ಸೇರುವ ಜಾಗಗಳನ್ನು ಹಿಡಿಯಿರಿ. ಅವರ ದೊಡ್ಡ ಕೃತಿಗಳಲ್ಲಿ ಒಂದು ಕೈ ಮೂರರ ನಡೆ ಹಿಡಿದರೆ ಇನ್ನೊಂದು ಬೇರೆಯೇ ನಡೆಯಲ್ಲಿ ಸಾಗುವುದುಂಟು. ಪಶ್ಚಿಮದ ಎಷ್ಟೋ ಕೇಳುಗರು ಅಲ್ಲಿ ಎಡವುತ್ತಾರೆ. ಮದ್ದಳೆ, ಚಂಡೆಯ ಹೊಂದಾಣಿಕೆಯಲ್ಲಿ ಬೆಳಗು ಹಾಯಿಸಿದ ಅಂಕೋಲೆಯ ಕಿವಿಗಳು ಎಡವಲಾರವು ಎಂಬ ನಂಬಿಕೆ ನನ್ನದು.

ಅದಾದ ಮೇಲೆ ಸೊನಾಟಾ ರೆಮಿನಿಸೆಂಜಾ, ಎಮಿಲ್ ಗಿಲೆಲ್ಸ್ ನುಡಿಸಿದ್ದು. ಆಮೇಲೆ ಮೂರನೇ ಕಾನ್ಸರ್ಟೊ, 1947ರದು. ಮುದ್ರಣದಲ್ಲಿ ಸ್ವಲ್ಪ ಗರಗರ ಇದೆ, ಇರಲಿ. ಕಾರವಾರದಲ್ಲೋ ಅಂಕೋಲೆಯಲ್ಲೋ ಯಾವುದಾದರೂ ಶಾಲೆಯ ಸಭಾಭವನದಲ್ಲಿ ಒಂದು ಸಂಜೆ ನಾಲ್ಕು ಜನ ಕೂಡಿ ಇಷ್ಟನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳುವುದಾದರೆ ತಿಳಿಸಿ, ನಾನು ಬರುತ್ತೇನೆ.