ಹಳೆಯ ರೇಜರು, ಹೊಸ ಬ್ಲೇಡು

ಜಿಲೆಟ್ ಕಂಪನಿ 1938ರಲ್ಲಿ ಮಾರಾಟಕ್ಕೆ ತಂದ 'ಟೆಕ್' ರೇಜರನ್ನು ಬಿಚ್ಚಿದರೆ ಸಿಗುವುದು ಮೂರೇ ತುಂಡು: ಬಾಗಿದ ಮೇಲ್ತಟ್ಟೆ, ಅದರಡಿ ಕೂರುವ ಕೆಳತಟ್ಟೆ, ಎರಡನ್ನೂ ತಿರುಪಿನಿಂದ ಬಿಗಿಯುವ ಹಿಡಿ. ಜರ್ಮನಿಯ ಮ್ಯೂಲೆ ಕಂಪನಿಯ ಆರ್89 ರೇಜರನ್ನು ಇಂದು ಬಿಚ್ಚಿದರೂ ಅವೇ ಮೂರು. ಒಂದೇ ಕುಲದ ಈ ಎರಡರ ನಡುವೆ ಹಳೆಯದೇ ಮೇಲು ಎಂಬ ಮಾತು ಎರಡಲಗಿನ ಬ್ಲೇಡು ಬಳಸುವವರಲ್ಲಿ ಗಟ್ಟಿಯಾಗಿ ಬೇರೂರಿದೆ. ಆ ತೀರ್ಮಾನವನ್ನು ಬಹುಮಟ್ಟಿಗೆ ಒಪ್ಪಬಹುದು. ಆದರೆ ಅದಕ್ಕೆ ಕೊಡುವ ಕಾರಣಗಳನ್ನು, ಅಂದರೆ ಹಿಂದಿನವರ ಕೈಚಳಕ, ಕಾಲದ ಪರೀಕ್ಷೆ, ಈಗ ಯಾರಿಗೂ ಬಾರದ ವಿದ್ಯೆ ಮುಂತಾದವನ್ನು ಒಪ್ಪಲಾಗದು. ಟೆಕ್ ರೇಜರಿನ ಹೆಚ್ಚುಗಾರಿಕೆ ಅದರ ಲೋಹದಲ್ಲಿದೆ, ಬ್ಲೇಡನ್ನು ಅದು ಹಿಡಿದಿಡುವ ರೀತಿಯಲ್ಲಿದೆ. ಇವೆರಡನ್ನೂ ಇಂದಿನ ಕಾರ್ಖಾನೆಗಳು ಮಾಡಬಲ್ಲವು. ಹೆಚ್ಚಿನವು ಮಾಡುತ್ತಿಲ್ಲ ಎಂಬುದೇ ನನ್ನ ತಕರಾರು.

ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಇಷ್ಟು ತೆಳ್ಳಗಿನ ಉಕ್ಕು ತಾನಾಗಿ ನೆಟ್ಟಗೆ ನಿಲ್ಲದು; ಒರಟು ಕೂದಲು ಎದುರಾದಾಗ ಅಲಗು ಬಾಗಿ, ಮರುಕ್ಷಣ ಚಿಮ್ಮಿ ಹಿಂದಕ್ಕೆ ಬರುತ್ತದೆ. ಶೇವಿಂಗ್ ಮುಗಿದ ಮೇಲೆ ಕತ್ತಿನ ಬಳಿ ಉಳಿಯುವ ಉರಿಗೆ ಹಲವು ಬಾರಿ ಈ ನಡುಕವೇ ಕಾರಣ, ಬ್ಲೇಡಿನ ಹರಿತವಲ್ಲ. ಮೇಲ್ತಟ್ಟೆ ಬಾಗಿರುವುದು ಇದಕ್ಕಾಗಿಯೇ. ಬ್ಲೇಡನ್ನು ಕಮಾನಿನಂತೆ ಬಗ್ಗಿಸಿ ಕೆಳತಟ್ಟೆಗೆ ಒತ್ತಿದಾಗ ಅದಕ್ಕೆ ಬಿಗಿತ ಬರುತ್ತದೆ. ಹಾಗಾಗಿ ಯಾವ ರೇಜರನ್ನೇ ತೂಗಿ ನೋಡುವಾಗಲೂ ಕೇಳಬೇಕಾದದ್ದು ಮೂರು ಸಂಗತಿ: ಅಲಗು ಎಷ್ಟು ಹೊರಚಾಚಿದೆ, ಅಲಗಿಗೂ ಕೆಳಗಿನ ತಡೆಪಟ್ಟಿಗೂ ನಡುವೆ ಸಂದು ಎಷ್ಟಿದೆ, ತಟ್ಟೆಗಳ ಹಿಡಿತ ಅಲಗಿಗೆ ಎಷ್ಟು ಹತ್ತಿರ ಬರುತ್ತದೆ. ಟೆಕ್‌ನಲ್ಲಿ ಚಾಚು ಕಡಿಮೆ, ಸಂದು ಕಿರಿದು, ಹಿಡಿತ ಗಟ್ಟಿ. ದಿನಾ ಗಡ್ಡ ತೆಗೆಯುವವರಿಗೆ ಬೇಕಾದದ್ದೂ ಇಷ್ಟೇ. ವಾರದ ಗಡ್ಡಕ್ಕೆ ಇದು ತೀರಾ ಸಾಧು ಎಂಬ ಆಕ್ಷೇಪ ನಿಜ. ಅಂಥವರಿಗೆ ಜಿಲೆಟ್‌ನವರೇ 1930ರಲ್ಲಿ ತಂದ, ಬಾಚಣಿಗೆಯ ಹಲ್ಲಿನಂಥ ಅಂಚಿರುವ 'ನ್ಯೂ' ಮಾದರಿ ಹೆಚ್ಚು ಒಗ್ಗುತ್ತದೆ. ಆದರೆ ಈಗ ಹೊಸ ರೇಜರುಗಳನ್ನು ಹೊಗಳುವಾಗ 'ಖಡಕ್' ಎಂಬುದನ್ನೇ ದೊಡ್ಡ ಗುಣವೆಂದು ಹೇಳುವುದು ರೂಢಿಯಾಗಿದೆ. ಮತ್ತೊಮ್ಮೆ ನೊರೆ ಹಚ್ಚಿ ಎರಡನೇ ಸಲ ಎಳೆದರೆ ಆಗುವ ಕೆಲಸಕ್ಕೆ ಚರ್ಮವನ್ನು ಪಣಕ್ಕಿಡಬೇಕಿಲ್ಲ.

ಇನ್ನು ಲೋಹದ ಮಾತು. ಟೆಕ್‌ನ ತಟ್ಟೆಗಳು ಹಿತ್ತಾಳೆಯ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದವು, ಮೇಲೆ ನಿಕ್ಕಲ್ ಅಥವಾ ಚಿನ್ನದ ಲೇಪ. ಇಂದು ಮಧ್ಯಮ ಬೆಲೆಗೆ ಸಿಗುವ ಬಹುಪಾಲು ರೇಜರುಗಳ ತಲೆ ಜಾಮಾಕ್ ಎಂಬ ಮಿಶ್ರಲೋಹದ ಎರಕ: ಮುಖ್ಯವಾಗಿ ಸತು, ಜೊತೆಗೆ ಅಲ್ಯೂಮಿನಿಯಂ, ತಾಮ್ರ, ಮೆಗ್ನೀಸಿಯಂ. ಮೆರ್ಕೂರ್ 34ಸಿ, ಮ್ಯೂಲೆ ಆರ್89, ಶೆಫೀಲ್ಡಿನ ಎಡ್ವಿನ್ ಜಾಗರ್ ಡಿಇ89, ಹೆಸರುವಾಸಿಯಾದ ಈ ಮೂರರ ತಲೆಯೂ ಇದೇ ಲೋಹದ್ದು. ಸತುವಿನ ಮಿಶ್ರಣ 400 ಡಿಗ್ರಿಯೊಳಗೆ ಕರಗುತ್ತದೆ, ಹಿತ್ತಾಳೆಗೆ 900ರ ಆಸುಪಾಸು ಬೇಕು; ಎರಕದ ಅಚ್ಚು ಬಹುಕಾಲ ಬಾಳುತ್ತದೆ, ಖರ್ಚು ಇಳಿಯುತ್ತದೆ. ಎರಕದಿಂದ ತಲೆಗೆ ನಿಖರವಾದ ಆಕಾರವೂ ಬರುತ್ತದೆ. ಆರ್89ರ ಮೊದಲ ವರ್ಷದ ಶೇವಿಂಗ್ ಟೆಕ್‌ಗೆ ಏನೂ ಕಡಿಮೆಯಿಲ್ಲ ಎಂದು ಧಾರಾಳವಾಗಿ ಹೇಳಬಹುದು. ತೊಂದರೆ ಕಾಣಿಸುವುದು ಆಮೇಲೆ. ಮೇಲ್ತಟ್ಟೆಯ ನಡುವಿನಿಂದ ಇಳಿದು ಹಿಡಿಯೊಳಗೆ ಸೇರುವ ತಿರುಪಿನ ಕಡ್ಡಿಯನ್ನು ಗಮನಿಸಿ. ಬಿಗಿಯುವ ಬಲವೆಲ್ಲ ಬೀಳುವುದು ಅದರ ಮೇಲೆ, ನೀರು ನಿಲ್ಲುವುದೂ ಅಲ್ಲೇ. ತಿರುಗಿಸಿ ತಿರುಗಿಸಿ ಕ್ರೋಮ್ ಲೇಪ ಸವೆದರೆ ಒಳಗಿನ ಸತು ಬಯಲಾಗಿ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಜೋರಾಗಿ ಬಿಗಿದ ಒಂದು ದಿನ ಕಡ್ಡಿ ಮುರಿಯಬಹುದು. ಹಿತ್ತಾಳೆಯ ಲೇಪ ಹೋದರೆ ಹಳದಿ ಬಣ್ಣ ಕಾಣುತ್ತದೆ, ರೇಜರು ಕೆಲಸ ಮುಂದುವರಿಸುತ್ತದೆ.

ಹಳೆಯದರ ಹೊಗಳಿಕೆಯಲ್ಲಿ ಎಲ್ಲರೂ ಮರೆಯುವ ಪಾಲುದಾರ ಬ್ಲೇಡು. ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ತೆಳು ಉಕ್ಕನ್ನು ಹದಗೊಳಿಸಿ ಅಲಗು ಕೂರಿಸುವ ವಿದ್ಯೆಯನ್ನು ಅವರಿಗೆ ಒದಗಿಸಿದ್ದು ಎಂಜಿನಿಯರ್ ವಿಲಿಯಂ ನಿಕರ್ಸನ್. ಅಲ್ಲಿಂದ ಸುಮಾರು ಅರ್ಧ ಶತಮಾನ ಬ್ಲೇಡೆಂದರೆ ಬೇಗ ತುಕ್ಕು ಹಿಡಿದು ಮೊಂಡಾಗುವ ಕಾರ್ಬನ್ ಉಕ್ಕಿನದು. ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯ ಸ್ಟೇನ್‌ಲೆಸ್ ಬ್ಲೇಡು ಮಾರುಕಟ್ಟೆಯನ್ನು ಅಲುಗಾಡಿಸಿದ್ದು 1960ರ ದಶಕದ ಆರಂಭದಲ್ಲಿ. ಅಲಗಿನ ಮೇಲಿನ ನುಣುಪು ಲೇಪಗಳು ಬಂದದ್ದೂ ಅದೇ ಕಾಲಕ್ಕೆ. 1940ರ ಟೆಕ್ ಈಗ ಕೊಡುವ ನಯವಾದ ಶೇವಿಂಗ್ ಆ ಕಾಲದವರಿಗೆ ಸಿಕ್ಕಿರಲಿಲ್ಲ. ಅಂದಮೇಲೆ ಆ ಸುಖದಲ್ಲಿ ದೊಡ್ಡ ಪಾಲು ಆಧುನಿಕ ಉಕ್ಕಿಗೆ ಸಲ್ಲಬೇಕು. ಹಳೆಯ ರೇಜರಿಗೆ ಸಲ್ಲಬೇಕಾದ ಮನ್ನಣೆ ಬೇರೆ: ತಾನು ಕಾಣದ ಬ್ಲೇಡನ್ನೂ ಅದು ತಕರಾರಿಲ್ಲದೆ ಒಪ್ಪಿಕೊಂಡಿತು. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಕರ್ನಾಟಕದ ಸಣ್ಣ ಊರಿನ ಕಿರಾಣಿ ಅಂಗಡಿಯಲ್ಲೂ ಟೋಪಾಜ್, ಸೆವೆನ್ ಓ ಕ್ಲಾಕ್, ಸೂಪರ್‌ಮ್ಯಾಕ್ಸ್ ಬ್ಲೇಡಿನ ಪ್ಯಾಕೆಟ್ಟು ಕಂಡಿರುತ್ತದೆ, ಯಾಕೆಂದರೆ ಸಲೂನಿನವರು ಇದೇ ಬ್ಲೇಡನ್ನು ಎರಡಾಗಿ ಮುರಿದು ತಮ್ಮ ಕತ್ತಿಗೆ ಸಿಕ್ಕಿಸುತ್ತಾರೆ.

ಹಾಗೆಂದು ಹಳೆಯದೆಲ್ಲ ಮೇಲಲ್ಲ. 1958ರಿಂದ 1961ರವರೆಗೆ ಬಂದ ಜಿಲೆಟ್ '195', ಅಂದರೆ ಜನ 'ಫ್ಯಾಟ್‌ಬಾಯ್' ಎನ್ನುವ ರೇಜರು, ಸಂಗ್ರಹಕಾರರ ಕಣ್ಮಣಿ. ಬುಡ ತಿರುಗಿಸಿದರೆ ತಲೆಯ ಎರಡು ಬಾಗಿಲು ತೆರೆದುಕೊಳ್ಳುತ್ತವೆ. ಕುತ್ತಿಗೆಯ ಚಕ್ರದಲ್ಲಿ 1ರಿಂದ 9ರವರೆಗೆ ಅಂಕಿಗಳು, ಅಂಕಿ ಏರಿದಂತೆ ಸಂದು ಹಿಗ್ಗುತ್ತದೆ. ಯಂತ್ರವಾಗಿ ಮೆಚ್ಚಲೇಬೇಕಾದ ವಸ್ತು. ಆದರೆ ಅಷ್ಟೊಂದು ಬಿಡಿಭಾಗಗಳು ಆರು ದಶಕ ಸವೆದ ಮೇಲೆ ಎರಡೂ ಬಾಗಿಲು ಸಮನಾಗಿ ಮುಚ್ಚುತ್ತವೆ ಎನ್ನಲಾಗದು. ಬ್ಲೇಡು ಹಾಕಿ ಬೆಳಕಿಗೆ ಹಿಡಿದು ಎರಡೂ ಬದಿಯ ಸಂದು ನೋಡಿ. ಒಂದು ಬದಿ ಕೂದಲೆಳೆಯಷ್ಟು ಹೆಚ್ಚಿದ್ದರೂ ಕೆನ್ನೆಗೆ ತಿಳಿಯುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಸಾಬೂನು, ಸುಣ್ಣ ಒಳಗೆ ಕಟ್ಟಿಕೊಂಡು ಚಕ್ರ ಬಿಗಿಯಾಗುವುದೂ ಇದೆ. ಟೆಕ್ ಓರೆಯಾಗಿ ಕೂತರೆ ಸಡಿಲಿಸಿ ಮತ್ತೆ ಬಿಗಿದರಾಯಿತು. ಫ್ಯಾಟ್‌ಬಾಯ್‌ಗೆ ಈಗ ಕೇಳುವ ಬೆಲೆ ಅಪರೂಪಕ್ಕೆ, ಶೇವಿಂಗ್‌ಗಲ್ಲ.

ಕೆಟ್ಟ ರೇಜರುಗಳು ಗುಜರಿ ಸೇರಿ ಒಳ್ಳೆಯವಷ್ಟೇ ಉಳಿದಿವೆ, ಅದಕ್ಕೇ ಹಳೆಯದೆಲ್ಲ ಚಿನ್ನವಾಗಿ ಕಾಣುತ್ತದೆ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಟೆಕ್ ಸಾಮಾನ್ಯ ಗಿರಾಕಿಗೆಂದು ರಾಶಿ ರಾಶಿಯಾಗಿ ತಯಾರಾದ ಅಗ್ಗದ ಸರಕು. ಅಂಥದ್ದೇ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಉಳಿದಿರುವುದು ಬರಿಯ ಆಕಸ್ಮಿಕವಾಗಿರಲಾರದು. ಇನ್ನೊಬ್ಬರು ಬಳಸಿದ್ದೆಂಬ ಅಳುಕಿದ್ದರೆ, ಮುಖಕ್ಕೆ ತಾಗುವ ಅಲಗು ಹೇಗೂ ಹೊಸದು. ತಟ್ಟೆಗಳನ್ನು ಬಿಸಿ ಸಾಬೂನು ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕು. ನಿಕ್ಕಲ್ ಅಲರ್ಜಿಯಿರುವವರು ಮಾತ್ರ ನಿಕ್ಕಲ್ ಲೇಪದ ಹಳೆಯ ರೇಜರಿನಿಂದ ದೂರವಿರಬೇಕು. ಎಲ್ಲಕ್ಕಿಂತ ಬಲವಾದ ಆಕ್ಷೇಪ ಸ್ಟೇನ್‌ಲೆಸ್ ಸ್ಟೀಲಿನದು. ಜಪಾನಿನ ಫೆದರ್ ಎಎಸ್-ಡಿ2, ಮೂರು ತಟ್ಟೆಗಳ ಎರಡೂ ಮಗ್ಗುಲು ಬಳಸಿ ಆರು ಬಗೆಯ ಸಂದು ಕೊಡುವ ರಾಕ್‌ವೆಲ್ 6ಎಸ್, ಇವು ಟೆಕ್‌ಗಿಂತ ಮೇಲೆಂದು ಒಪ್ಪುತ್ತೇನೆ. ಲೇಪವೇ ಇಲ್ಲದಲ್ಲಿ ಸುಲಿಯುವ ಭಯವಿಲ್ಲ; ರಾಕ್‌ವೆಲ್ಲಂತೂ ಫ್ಯಾಟ್‌ಬಾಯ್ ಚಕ್ರ ಕೊಡುತ್ತಿದ್ದ ಆಯ್ಕೆಯನ್ನು ಅಲುಗುವ ಭಾಗವಿಲ್ಲದೆ ಸಾಧಿಸಿದೆ. ಆದರೆ ಅವು ಹವ್ಯಾಸಿಯ ಜೇಬಿಗೆ ತಕ್ಕವು. ಸಾಮಾನ್ಯನ ಕೈಗೆಟಕುವ ಬೆಲೆಯಲ್ಲಿ ತಲೆಮಾರು ಬಾಳುವ ರೇಜರನ್ನು ಟೆಕ್ ಕೊಟ್ಟಿತ್ತು. ಆ ಜಾಗ ಈಗ ಸತುವಿನ ಪಾಲಾಗಿದೆ.

ಲೇಪ ಗಟ್ಟಿಯಿರುವ, ತಿರುಪು ಸವೆಯದ ಹಿತ್ತಾಳೆಯ ಟೆಕ್ ನ್ಯಾಯವಾದ ಬೆಲೆಗೆ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ; ಸಿಗದಿದ್ದರೆ ಹಣ ಕೂಡಿಸಿ ಸ್ಟೇನ್‌ಲೆಸ್ ಸ್ಟೀಲಿನದನ್ನೇ ತನ್ನಿ. ಹೊಸದು ಕೊಳ್ಳುವಾಗ ತಲೆ ಯಾವ ಲೋಹದ್ದೆಂದು ಅಂಗಡಿಯವರನ್ನು ಕೇಳಿ. 'ಕ್ರೋಮ್ ಫಿನಿಶ್' ಎಂದರೆ ಅದು ಲೇಪದ ಹೆಸರು. ಒಳಗೆ ಏನಿದೆ ಎಂದು ಮತ್ತೊಮ್ಮೆ ಕೇಳಿ.