ಮುಂಗಾರು ಮಳೆ ಮತ್ತು ನಮ್ಮೂರ ಮಳೆ

'ಮುಂಗಾರು ಮಳೆ' ಚಿತ್ರ ತೆರೆ ಕಂಡದ್ದು 2006ರ ಡಿಸೆಂಬರ್ 29ರಂದು. ಡಿಸೆಂಬರ್ ಕೊನೆಯ ಮಳೆ ಎಂದರೆ ಸಕಲೇಶಪುರದ ಕಾಫಿ ಬೆಳೆಗಾರನ ಎದೆ ಧಸಕ್ಕೆನ್ನುತ್ತದೆ. ಅರೇಬಿಕಾ ಹಣ್ಣಿನ ಕೊಯ್ಲು ನಡೆಯುತ್ತಿರುತ್ತದೆ, ಕೊಯ್ದದ್ದು ಕಣದಲ್ಲಿ ಒಣಗುತ್ತಿರುತ್ತದೆ. ಆಗ ನಾಲ್ಕು ಹನಿ ಬಿದ್ದರೂ ವರ್ಷದ ಲೆಕ್ಕ ತಲೆಕೆಳಗು. ಅಂಥ ಹೊತ್ತಿನಲ್ಲಿ ನಾಡಿನ ಟಾಕೀಸುಗಳಲ್ಲೆಲ್ಲ ಮಳೆ ಹಿಡಿಯಿತು. ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಂತೂ ವರ್ಷ ಕಳೆದರೂ ಬಿಡಲಿಲ್ಲ. ಕನ್ನಡ ಚಿತ್ರವನ್ನು ನೋಡಲು ಜನ ಬರುವುದಿಲ್ಲ ಎಂದು ಗೊಣಗುತ್ತಿದ್ದವರೆಲ್ಲ ಆ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದರು.

ಯೋಗರಾಜ್ ಭಟ್ಟರ ಈ ಚಿತ್ರದ ಕಥೆ ನಡೆಯುವುದು ಮಡಿಕೇರಿಯಲ್ಲಿ. ಆದರೆ ಕ್ಯಾಮೆರಾ ಎಸ್. ಕೃಷ್ಣ ಅವರ ಕೈಯಲ್ಲಿ ಸಕಲೇಶಪುರದ ಗುಡ್ಡಗಳನ್ನು ಹತ್ತಿ, ಜೋಗದ ತುದಿಯವರೆಗೂ ಅಲೆದಾಡಿತು. ಇಂದಿಗೂ ಸಕಲೇಶಪುರಕ್ಕೆ ಬರುವ ಪ್ರವಾಸಿಗರು 'ಮುಂಗಾರು ಮಳೆ ವ್ಯೂ ಪಾಯಿಂಟ್' ಎಲ್ಲಿದೆ ಎಂದು ವಿಚಾರಿಸುತ್ತಾರೆ. ಟಿಪ್ಪು ಸುಲ್ತಾನ್ 1792ರ ಹೊತ್ತಿಗೆ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಕೋಟೆಗೆ ಇನ್ನೂರು ವರ್ಷಗಳಲ್ಲಿ ಸಿಕ್ಕ ಪ್ರಚಾರವನ್ನು ಪ್ರೀತಮ್ ಎಂಬ ಹುಡುಗ ಎರಡೂವರೆ ಗಂಟೆ ಮಳೆಯಲ್ಲಿ ನೆನೆದು ಗುಡ್ಡಕ್ಕೆ ಕೊಡಿಸಿಬಿಟ್ಟ. ಇದಕ್ಕೆ ಮತ್ಸರ ಪಡಬೇಕಾಗಿಲ್ಲ. ಆದರೆ ಆ ಚಿತ್ರವನ್ನು ಈಗ ಮತ್ತೊಮ್ಮೆ ನೋಡುವಾಗ, ಈ ಗುಡ್ಡಗಳ ಕೆಳಗೆ ಬಾಳುವ ನಮಗೆ ನಗು ಬರುವ ಜಾಗಗಳು ಬೇರೆಯೇ.

ಮೊದಲನೆಯದು ಮದುವೆ. ಮಲೆನಾಡಿನ ಯಾವ ತಂದೆ ಮಗಳ ಮದುವೆಯನ್ನು ಸುರಿವ ಮುಂಗಾರಿನಲ್ಲಿ ಇಟ್ಟುಕೊಳ್ಳುತ್ತಾನೆ? ಮಳೆ ಹಿಡಿಯುವ ಮೊದಲೇ ಚಪ್ಪರ ಬಿಚ್ಚಿ, ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಡಬ್ಬಿಗೆ ತುಂಬಿ ಕೂರುವುದು ಇಲ್ಲಿಯ ರೂಢಿ. ಅನಂತನಾಗ್ ಅವರ ಕರ್ನಲ್ ಸುಬ್ಬಯ್ಯ ಸೈನ್ಯದಲ್ಲಿದ್ದವರು, ಹವಾಮಾನಕ್ಕೆ ಹೆದರದವರು ಎಂದು ಸಮಾಧಾನ ಮಾಡಿಕೊಳ್ಳಬೇಕು.

ಎರಡನೆಯದು ರೈಲು. ನಂದಿನಿಯ ಗೆಳತಿಯರು ಮುಂಬಯಿಯಿಂದ ರೈಲಿನಲ್ಲಿ ಬರುವವರು. ರೈಲು ಐದು ಗಂಟೆ ತಡ, ಆ ಐದು ಗಂಟೆಯಲ್ಲೇ ಪ್ರೀತಿಗೆ ದಾರಿ. ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲ. ಇನ್ನು ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿ ಬ್ರಾಡ್‌ಗೇಜಿಗೆ ಬದಲಾಗಿ ಪ್ರಯಾಣಿಕರ ರೈಲು ಮತ್ತೆ ಓಡತೊಡಗಿದ್ದು 2007ರ ಡಿಸೆಂಬರಿನಲ್ಲಿ. ನಾವು ವರ್ಷಗಟ್ಟಲೆ ಕಾದ ರೈಲನ್ನು ಭಟ್ಟರು ಐದೇ ಗಂಟೆ ತಡಮಾಡಿಸಿ ತರಿಸಿಬಿಟ್ಟರು!

ಮೂರನೆಯದು ಇಂಬಳ. ಹಸಿ ಹುಲ್ಲಿನಲ್ಲಿ ಕೂತು, ಕಾಡಿನಲ್ಲಿ ಓಡಿ, ಬಿದ್ದು ಎದ್ದ ನಾಯಕನ ಕಾಲಿಗೆ ಇಡೀ ಚಿತ್ರದಲ್ಲಿ ಒಂದೇ ಒಂದು ಇಂಬಳ ಹತ್ತುವುದಿಲ್ಲ. ಸುಣ್ಣವೋ ಹೊಗೆಸೊಪ್ಪಿನ ನೀರೋ ಹಚ್ಚದೆ ತೋಟಕ್ಕೆ ಇಳಿಯದ ನಮಗೆ ಚಿತ್ರದ ಅತಿ ದೊಡ್ಡ ಪವಾಡ ಇದೇ ಎನಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಚಿತ್ರ ಮುಗಿಯುವ ಹೊತ್ತಿಗೆ ಗಂಟಲು ಕಟ್ಟುವುದು ನಿಜ. ಏಕೆ? ಅದಕ್ಕಿಂತ ಹಿಂದಿನ ಹತ್ತು ವರ್ಷ ಕನ್ನಡದ ನಾಯಕ ಮಚ್ಚು ಹಿಡಿದಿದ್ದ. 1995ರ 'ಓಂ' ಹಾಕಿಕೊಟ್ಟ ದಾರಿಯಲ್ಲಿ ನಡೆದವರು ಆ ಚಿತ್ರದ ವಿವೇಕವನ್ನು ಬಿಟ್ಟು ಮಚ್ಚನ್ನು ಮಾತ್ರ ಎತ್ತಿಕೊಂಡರು. ಆಗ ಬಂದ ಗಣೇಶ್ ಕೈಯಲ್ಲಿ ಇದ್ದದ್ದು ಒಂದು ಮೊಲ, ಬಾಯಲ್ಲಿ ನಿಲ್ಲದ ಮಾತು. ಮಾಲಿನ ಎದುರು ಹುಡುಗಿಯನ್ನು ನೋಡುತ್ತ ಗುಂಡಿಗೆ ಬೀಳುವ ನಾಯಕ ಅವನು. ಬಿದ್ದವನನ್ನು ಮೇಲೆತ್ತುವವಳು ಅವಳು. ತನ್ನನ್ನೇ ಗೇಲಿ ಮಾಡಿಕೊಳ್ಳುವ ಇಂಥ ನಾಯಕನಿಗಾಗಿ ನಮ್ಮ ಹುಡುಗರು ಕಾದಿದ್ದರು. ಮುಂದೆ ಒಂದೆರಡು ವರ್ಷ ಹಾಸನದ ಕಾಲೇಜು ಹುಡುಗರೆಲ್ಲ ಮೂರು ಮಾತಿಗೊಮ್ಮೆ ತತ್ವಜ್ಞಾನಿಗಳಾದರು. ಮನೋಮೂರ್ತಿ ಅವರ ಸಂಗೀತಕ್ಕೆ ಜಯಂತ ಕಾಯ್ಕಿಣಿ ಬರೆದ, ಸೋನು ನಿಗಮ್ ಹಾಡಿದ ಹಾಡು ಬಸ್ಸು, ಲಾರಿ, ಮೊಬೈಲುಗಳಲ್ಲೆಲ್ಲ ಮೊಳಗಿತು. ದೇವದಾಸನೆಂಬ ಆ ಮೊಲದ ಸಾವಿಗೆ ಅತ್ತಷ್ಟು ನಮ್ಮ ಜನ ಎಷ್ಟೋ ನಾಯಕರ ಸಾವಿಗೂ ಅತ್ತಿಲ್ಲ.

ಆದರೆ ಪ್ರೀತಿಯಿಂದ ನೋಡುವುದೆಂದರೆ ಕಣ್ಣು ಮುಚ್ಚಿ ನೋಡುವುದಲ್ಲ. ಚಿತ್ರದ ತಿರುವು ಇರುವುದು ಒಂದು ಬೆಳಗಿನ ಓಟದಲ್ಲಿ. ಪ್ರೀತಮ್ ಮದುವೆಯ ಮಾತೆತ್ತಲು ಹೋಗುತ್ತಾನೆ. ಕರ್ನಲ್ ತಮ್ಮ ಹೃದಯದ ಕಾಯಿಲೆ ಹೇಳಿಕೊಂಡು, ಮಗಳು ಗೌತಮನ ಕೈಹಿಡಿಯುವುದೇ ಕೊನೆಯ ಆಸೆ ಎನ್ನುತ್ತಾರೆ. ಅಲ್ಲಿಗೆ ತೀರ್ಮಾನವಾಯಿತು. ಇಬ್ಬರು ಗಂಡಸರು ದಾರಿಯಲ್ಲಿ ಮಾತಾಡಿ ಒಬ್ಬ ಹೆಣ್ಣಿನ ಬದುಕನ್ನು ಮುಗಿಸಿಕೊಟ್ಟರು. ಅವಳ ಮನಸ್ಸು ಏನೆಂಬುದು ಹುಡುಗನಿಗೆ ಚೆನ್ನಾಗಿ ಗೊತ್ತು. ಆದರೂ ಅವಳನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ಹೊಳೆಯುವುದಿಲ್ಲ. ಅದನ್ನು ನಾವು ತ್ಯಾಗವೆಂದು ಕರೆದು ಕರ್ಚೀಫು ಒದ್ದೆ ಮಾಡಿಕೊಂಡೆವು. ತ್ಯಾಗ ಅವನದಾಯಿತು, ಅದರ ಬೆಲೆ ತೆತ್ತವಳು ನಂದಿನಿ. ನಮ್ಮ ಮನೆಗಳಲ್ಲಿ, ಯಾವ ಜಾತಿ ಮತವೇ ಇರಲಿ, ಹೆಣ್ಣುಮಕ್ಕಳ ಮದುವೆ ನಿಶ್ಚಯವಾಗುವುದು ಹೀಗೇ ಅಲ್ಲವೇ? ಅಪ್ಪನ ಎದೆನೋವು ಎಷ್ಟು ಹೆಣ್ಣುಮಕ್ಕಳ ಬಾಯಿ ಕಟ್ಟಿದೆಯೋ!

ಇನ್ನೊಂದು ಮಾತು, ಮಳೆಯದ್ದೇ. ಅದಕ್ಕೆ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಸಕಲೇಶಪುರದ ಗುಡ್ಡಗಳಿಗೆ ಬಿದ್ದ ನೀರಿನಲ್ಲಿ ಪೂರ್ವಕ್ಕೆ ಇಳಿದದ್ದು ಹೇಮಾವತಿ ಸೇರಿ ಗೊರೂರಿಗೆ ಹೋಗುತ್ತದೆ. ಆ ಗೊರೂರಿನ ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಸಿದ್ಧಲಿಂಗಯ್ಯನವರು 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಮಾಡಿದರು. ಎಂ.ಪಿ. ಶಂಕರ್ ಅವರ ಭೂತಯ್ಯ ಸತ್ತರೆ ಹೆಣ ಹೊರಲು ಊರಿನಲ್ಲಿ ಜನವಿಲ್ಲ. ಸಾಲ ಕೊಟ್ಟು ಹಿಂಡಿದವನ ಕೊನೆ ಅದು. ಲೋಕೇಶರ ಅಯ್ಯು, ವಿಷ್ಣುವರ್ಧನರ ಗುಳ್ಳ, ಇಬ್ಬರ ಹಗೆ ಊರನ್ನೇ ಸುಡುವಷ್ಟು ಬೆಳೆಯುತ್ತದೆ. ಆ ಗಲಭೆಯ ನಡುವೆ ಲೋಕನಾಥ್ ಜಾಡಿಗೆ ಕೈ ಹಾಕಿ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯವನ್ನು ಮರೆತ ಕನ್ನಡಿಗ ಇಲ್ಲ. ಆ ಒಂದು ಜಾಡಿಯಿಂದ ಅವರು ಕೊನೆಯವರೆಗೂ 'ಉಪ್ಪಿನಕಾಯಿ ಲೋಕನಾಥ್' ಆದರು. ನೋಡುವಾಗ ನಗುತ್ತೇವೆ. ಆದರೆ ಅವನ ನಾಲಿಗೆಯ ಚಪಲದ ಹಿಂದೆ ಹಸಿವಿದೆ, ಬೇರೆಯವರ ಮನೆಯಲ್ಲಿ ಮಾತ್ರ ಇರುವ ರುಚಿಯ ಆಸೆಯಿದೆ. ಕಡೆಗೆ ನೆರೆ ಬರುತ್ತದೆ. ಆ ನೀರು ಯಾರಿಗೂ ಪ್ರೇಮಗೀತೆ ಹೇಳಿಕೊಡುವುದಿಲ್ಲ. ಮನೆ, ಮಕ್ಕಳು, ಹಗೆ ಎಲ್ಲವನ್ನೂ ಒಟ್ಟಿಗೆ ಪ್ರಶ್ನಿಸುತ್ತದೆ.

ಮೂವತ್ತೆರಡು ವರ್ಷಗಳಲ್ಲಿ ಹೇಮಾವತಿ ಸೀಮೆಯ ಮಳೆ ಸಿನಿಮಾದೊಳಗೆ ಹೀಗೆ ಬದಲಾಯಿತು. 1974ರಲ್ಲಿ ಅದು ಊರಿನ ಸಂಕಟ. 2006ರಲ್ಲಿ ಒಬ್ಬ ಹುಡುಗನ ಮನಸ್ಸಿನ ಸ್ಥಿತಿ. 'ಮುಂಗಾರು ಮಳೆ'ಯಲ್ಲಿ ಇಲ್ಲಿಯವರೆಂದು ಎದ್ದು ಕಾಣುವವರು ಗುಡಿಸಲಿನ ಮುದುಕ ಮುದುಕಿ. ಅವರೂ ಬರುವುದು ಪ್ರೇಮಿಗಳಿಗೆ ಸೂರು ಕೊಡುವುದಕ್ಕೆ. ಗೊರಬು, ಕಂಬಳಿಕೊಪ್ಪೆ ಹೋಗಿ ಪ್ಲಾಸ್ಟಿಕ್ ಹೊದ್ದು ತೋಟದಲ್ಲಿ ಚಿಗುರು ತೆಗೆಯುವ ಆಳುಗಳು, ಸೋರುವ ಲೈನ್ ಮನೆಗಳು ಚಿತ್ರದಲ್ಲಿಲ್ಲ. ಚಿತ್ರದ ಕಾಡಿನಲ್ಲಿ ಸಿಗುವುದು ಒಂದು ಮೊಲ. ಸಕಲೇಶಪುರ, ಆಲೂರಿನ ತೋಟ ಗದ್ದೆಗಳಲ್ಲಿ ಎದುರಾಗುವುದು ಆನೆ. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ, ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಡನೆ ಕಾದಾಡಿ ಸತ್ತ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು, ಆ ಕಾದು ಪಡೆದ ರೈಲು ದಿನಗಟ್ಟಲೆ ನಿಂತಿತು.

ಒಂದು ಪ್ರೇಮಕಥೆಯಿಂದ ಇದನ್ನೆಲ್ಲ ಕೇಳುವುದು ಅನ್ಯಾಯ ಎಂದು ಓದುಗರು ಹೇಳಬಹುದು. ಒಪ್ಪೋಣ. ಭಟ್ಟರು ಮಳೆಯನ್ನು ಕುರಿತು ಸಾಕ್ಷ್ಯಚಿತ್ರ ಮಾಡಲು ಬಂದವರಲ್ಲ. ಆದರೆ ಆ ಚಿತ್ರವನ್ನು ನೋಡಿ ಈ ಕಡೆ ಬಂದವರು ಅದರ ಮಳೆಯನ್ನೇ ಇಲ್ಲಿ ಹುಡುಕುತ್ತಾರೆ. ವಾರದ ಕೊನೆಗೆ ಜೀಪುಗಳು ಗುಡ್ಡ ಹತ್ತುತ್ತವೆ, ಹುಲ್ಲುಗಾವಲಲ್ಲಿ ಬಾಟಲಿಗಳು ಉಳಿಯುತ್ತವೆ, ಹೋಂಸ್ಟೇಗಳಿಗಾಗಿ ದಿಬ್ಬಗಳನ್ನು ಜೆಸಿಬಿ ಕೆರೆಯುತ್ತದೆ. ಹಾಗೆ ಕೆರೆದ ದಿಬ್ಬ ಮುಂದಿನ ಆಷಾಢದಲ್ಲಿ ಎಲ್ಲಿ ಜಾರುತ್ತದೆ ಎಂಬುದು ಕೆಳಗಿನ ಮನೆಯವರ ಚಿಂತೆ.

ಆದ್ದರಿಂದ ಓದುಗರಿಗೆ ನಮ್ಮ ಸಲಹೆ ಇಷ್ಟೇ. ಎರಡೂ ಚಿತ್ರಗಳನ್ನು ಮತ್ತೆ ನೋಡಿ, ಮೊದಲು ಅಯ್ಯು, ಆಮೇಲೆ ಪ್ರೀತಮ್. ಉಪ್ಪಿನಕಾಯಿಗೆ ನಗಿ, ಮೊಲಕ್ಕೆ ಅಳಿ. ಮನೆಯ ಹೆಣ್ಣುಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು, ಕರ್ನಲ್ ಓಡುವ ದೃಶ್ಯ ಬಂದಾಗ ನಂದಿನಿಯ ಉತ್ತರ ಏನಿರಬೇಕಿತ್ತು ಎಂದು ಅವರನ್ನೇ ಕೇಳಿ. ಆಮೇಲೆ ಸಕಲೇಶಪುರಕ್ಕೆ ಬರುವುದಾದರೆ ಧಾರಾಳವಾಗಿ ಬನ್ನಿ. ಒಂದಿಷ್ಟು ಸುಣ್ಣ ಜೇಬಿನಲ್ಲಿರಲಿ. ಇಲ್ಲಿಯ ಇಂಬಳಗಳು ಆ ಸಿನಿಮಾ ನೋಡಿಲ್ಲ.