ಹಾಡು ಆರಿಸಿ ಕೊಡುವವರ ಹೊಣೆ

ಮನೆಗೆ ಒಂದೇ ರೇಡಿಯೋ ಇದ್ದ ಕಾಲವನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಗೋಡೆಯ ಹಲಗೆಯ ಮೇಲೆ ಅದರ ಸ್ಥಾನ. ಅದರ ಕಿವಿ ತಿರುಗಿಸುವ ಅಧಿಕಾರ ಮನೆಯ ಹಿರಿಯರೊಬ್ಬರದು. ಅಜ್ಜಿ ಮೆಚ್ಚುವ ಭಕ್ತಿಗೀತೆಯನ್ನು ಮೊಮ್ಮಗನೂ, ಮೊಮ್ಮಗ ಮೆಚ್ಚುವ ಚಿತ್ರಗೀತೆಯನ್ನು ಅಜ್ಜಿಯೂ ಕೇಳಲೇಬೇಕಾಗಿತ್ತು. ಇಂದು ಒಂದೇ ಮನೆಯ ನಾಲ್ವರ ಕಿವಿಯಲ್ಲಿ ನಾಲ್ಕು ಬಗೆಯ ಹಾಡು. ನಿನ್ನೆ ಮೆಚ್ಚಿದ್ದನ್ನು ಹೋಲುವ ಹಾಡನ್ನು ಇಂದು ಯಂತ್ರವೇ ಹುಡುಕಿ ಕೊಡುತ್ತದೆ. ಇದರಿಂದ ಸುಖ ಹೆಚ್ಚಿತು, ನಿಜ. ಆದರೆ ನಾವು ಬಯಸದೇ ಇದ್ದುದನ್ನು ನಮ್ಮ ಮುಂದಿಟ್ಟು, ಸ್ವಲ್ಪ ತಾಳಿ, ಇದನ್ನೂ ಕೇಳಿ ನೋಡಿ ಎನ್ನುವ ಮನುಷ್ಯ ಮರೆಯಾಗುತ್ತಿದ್ದಾನೆ. ಆ ಕೆಲಸವನ್ನು ಮೂರು ವರ್ಷ ಶ್ರದ್ಧೆಯಿಂದ ಮಾಡಿದ ಒಬ್ಬರ ಕಾರ್ಯಕ್ರಮವನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ.

ಅವರು ಅಮೆರಿಕೆಯ ಹಾಡುಗಾರ ಬಾಬ್ ಡಿಲನ್. 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದವರೆಂದು ಅವರ ಹೆಸರನ್ನು ನೀವು ಕೇಳಿರಬಹುದು. ಅದಕ್ಕೆ ಹತ್ತು ವರ್ಷ ಮೊದಲು, 2006ರ ಮೇ 3ರಂದು, ಎಕ್ಸ್ಎಂ ಎಂಬ ಉಪಗ್ರಹ ರೇಡಿಯೋದಲ್ಲಿ ಅವರು ‘ಥೀಮ್ ಟೈಮ್ ರೇಡಿಯೋ ಅವರ್’ ಎಂಬ ಸಾಪ್ತಾಹಿಕ ಕಾರ್ಯಕ್ರಮದ ನಿರೂಪಕರಾದರು. 2009ರ ಏಪ್ರಿಲಿನವರೆಗೆ ನೂರು ಕಂತುಗಳು ಪ್ರಸಾರವಾದವು. ನಾನು ಅವನ್ನು ಪ್ರಸಾರದ ವೇಳೆಯಲ್ಲಿ ಕೇಳಿದವನಲ್ಲ. ಬಹಳ ತಡವಾಗಿ, ಧ್ವನಿಮುದ್ರಣಗಳಲ್ಲಿ ಕೇಳಿದವನು.

ಕಾರ್ಯಕ್ರಮದ ನಿಯಮ ಸರಳ. ವಾರಕ್ಕೊಂದು ವಿಷಯ, ಆ ವಿಷಯವನ್ನು ಮುಟ್ಟುವ ಯಾವ ಹಾಡಿಗೂ ಪ್ರವೇಶವುಂಟು. ಮೊದಲ ವಾರದ ವಿಷಯ ಹವಾಮಾನ. ಕರಿಯ ಜನರ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಅವರಿಂದ ಆರಂಭ. ಫ್ರಾಂಕ್ ಸಿನಾತ್ರಾ, ಸಿನಿಮಾ ತಾರೆ ಜೂಡಿ ಗಾರ್ಲೆಂಡ್, ಗಿಟಾರಿನಲ್ಲಿ ಬಿರುಗಾಳಿ ಎಬ್ಬಿಸುವ ಜಿಮಿ ಹೆಂಡ್ರಿಕ್ಸ್, ತಂದೆ ಮಕ್ಕಳೆಲ್ಲ ಸೇರಿ ದೇವಾಲಯಗಳಲ್ಲಿ ಹಾಡುತ್ತಿದ್ದ ಸ್ಟೇಪಲ್ ಸಿಂಗರ್ಸ್ ಕುಟುಂಬ, ಎಲ್ಲರೂ ಒಂದೇ ಗಂಟೆಯೊಳಗೆ. ಅಂಗಡಿಯಲ್ಲಾಗಲಿ ಸಂಗ್ರಹಾಲಯದಲ್ಲಾಗಲಿ ಇವರನ್ನು ಒಂದೇ ಸಾಲಿನಲ್ಲಿ ಕೂರಿಸುವವರಿಲ್ಲ. ಆದರೆ ಮಳೆ ಯಾರ ಹೊಲವೆಂದು ವಿಚಾರಿಸಿ ಸುರಿಯುವುದಿಲ್ಲವಷ್ಟೆ.

ನಮ್ಮ ದೇಶದವರಿಗೆ ಸಾಪ್ತಾಹಿಕ ಹಾಡಿನ ಕಾರ್ಯಕ್ರಮವೆಂದರೆ ಮೊದಲು ನೆನಪಾಗುವುದು ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’. ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಬಾಗಿಲು ಮುಚ್ಚಿದ್ದ 1952ರಲ್ಲಿ ರೇಡಿಯೋ ಸಿಲೋನ್ ಮೂಲಕ ಅದು ಆರಂಭವಾಯಿತು. 2024ರಲ್ಲಿ ತೀರಿಕೊಂಡ ಸಯಾನಿಯವರ ಕಂಠದ ಆತ್ಮೀಯತೆಯ ಮುಂದೆ ಡಿಲನ್ ಅವರ ಒರಟು ಗಂಟಲು ಏನೇನೂ ಅಲ್ಲ. ಆದರೂ ಗೀತಮಾಲಾ ಹಾಡುಗಳನ್ನು ಮೆಟ್ಟಿಲುಗಳ ಮೇಲೆ ನಿಲ್ಲಿಸಿತು: ಈ ವಾರ ಯಾವುದು ಮೊದಲು, ಯಾವುದು ಕೊನೆ? ಸ್ಪರ್ಧೆಯೇ ಅದರ ರುಚಿ. ಡಿಲನ್ ಅವರ ಗಂಟೆಯಲ್ಲಿ ಹಾಡುಗಳು ಪರಸ್ಪರ ಮಾತನಾಡುತ್ತವೆ. ನನಗೆ ಎರಡನೆಯದೇ ಹಿರಿದಾಗಿ ಕಾಣುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಎರಡನೆಯ ವಾರದ ವಿಷಯ ‘ತಾಯಿ’. ಹಳ್ಳಿಗಾಡಿನ ಕಣ್ಣೀರಿನ ಹಾಡುಗಳನ್ನೇ ನಿರೀಕ್ಷಿಸಿ ಕುಳಿತಿದ್ದ ನನಗೆ ಎಲ್ ಎಲ್ ಕೂಲ್ ಜೆ ಎಂಬ ರ‍್ಯಾಪ್ ಹಾಡುಗಾರ ಎದುರಾದರು. ನಿಲ್ಲಿಸಿಬಿಡೋಣ ಎನಿಸಿತು. ಅಷ್ಟರಲ್ಲಿ ಅರುವತ್ತೈದರ ಅಂಚಿನ ಆ ನಿರೂಪಕರು ಅದರ ಸಾಲುಗಳನ್ನು ತಮ್ಮ ಕರಕಲು ದನಿಯಲ್ಲಿ ಪದ್ಯದಂತೆ ಓದಿದರು. ನಗು ಬಂತು, ಕಿವಿಯೂ ತೆರೆಯಿತು. ನಾನು ಗದ್ದಲವೆಂದು ತಳ್ಳಿಹಾಕಿದ್ದರಲ್ಲಿ ಲಯದ ಕಟ್ಟು ಎಷ್ಟು ಬಿಗಿಯಾಗಿದೆಯೆಂದು ಆಗ ತಿಳಿಯಿತು. ರ‍್ಯಾಪನ್ನು ನಾನು ಇಂದಿಗೂ ಪ್ರೀತಿಸಲಾರೆ. ಆದರೆ ಕೇಳದೆಯೇ ತೀರ್ಪು ಕೊಡುವ ಧೈರ್ಯ ಈಗಿಲ್ಲ. ಗಾನವೃಂದದಲ್ಲಿ ಹಳೆಯ ರಾಗ, ಹೊಸ ರಾಗವೆಂದು ವಾದಕ್ಕೆ ಇಳಿದು ಮನಸ್ತಾಪ ಕಟ್ಟಿಕೊಂಡವರಲ್ಲಿ ನಾನೂ ಒಬ್ಬ. ಈ ಅನುಭವ ಅಂದೇ ಆಗಿದ್ದರೆ ಒಂದೆರಡು ಸ್ನೇಹಗಳಾದರೂ ಉಳಿಯುತ್ತಿದ್ದವು.

ವಿಷಯಗಳ ಸಾಲಿನಲ್ಲಿಯೂ ಗಮನಿಸತಕ್ಕದ್ದಿದೆ. ಒಂದು ವಾರ ಮದುವೆ, ಮರುವಾರವೇ ವಿಚ್ಛೇದನ. ಸೈತಾನನಿಗೆ ಒಂದು ವಾರ, ಕೆಲವು ವಾರಗಳ ನಂತರ ಬೈಬಲಿಗೆ ಒಂದು. 1979ರಿಂದ 1981ರವರೆಗೆ ಕ್ರಿಸ್ತವಿಶ್ವಾಸವನ್ನು ಬಹಿರಂಗವಾಗಿ ಸಾರುವ ಮೂರು ಧ್ವನಿಮುದ್ರಿಕೆಗಳನ್ನು ತಂದಿದ್ದ ಹಾಡುಗಾರ ಇಲ್ಲಿ ಪ್ರಬೋಧನೆಗೆ ಇಳಿಯುವುದಿಲ್ಲ. ವಿಚ್ಛೇದನವನ್ನು ಮುಚ್ಚಿಡದೆ ಮದುವೆಯ ಮಗ್ಗುಲಲ್ಲೇ ಇಟ್ಟದ್ದು ಉದ್ಧಟತನವೆಂದು ಕೆಲವರಿಗೆ ತೋರಬಹುದು. ಮುರಿದ ಮನೆಗಳವರೂ ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತು ಪೂಜೆ ಕಾಣುತ್ತಾರೆಂಬುದನ್ನು ಬಲ್ಲ ನನಗೆ ಹಾಗೆ ತೋರಲಿಲ್ಲ.

ಇನ್ನು ದೋಷಗಳ ಮಾತು. ಕಂತುಗಳಲ್ಲಿ ಆಗಾಗ ಕೇಳುಗರ ದೂರವಾಣಿ ಕರೆ, ಪತ್ರಗಳು ಬರುತ್ತವೆ. ಆದರೆ ಇದು ಮೊದಲೇ ಧ್ವನಿಮುದ್ರಿಸಿಕೊಂಡ ಕಾರ್ಯಕ್ರಮ. ಆ ಪತ್ರಗಳಲ್ಲಿ ಬಹುಪಾಲು ಕಾರ್ಯಕ್ರಮದವರದೇ ಕಲ್ಪನೆ ಎಂಬುದು ಬಲ್ಲವರ ಅಭಿಪ್ರಾಯ. ಸ್ಟುಡಿಯೋ ಇದೆಯೆಂದು ಹೇಳುವ ಅಬರ್ನಥಿ ಕಟ್ಟಡವೂ ಕಲ್ಪಿತವೇ. ಕಟ್ಟಡದ ಬಗ್ಗೆ ನನ್ನ ತಕರಾರಿಲ್ಲ, ಅದು ನಾಟಕದ ಪರದೆ. ಪತ್ರಗಳ ಬಗ್ಗೆ ಇದೆ. ಸಾಮತಿಯೂ ಕಲ್ಪನೆಯೇ ಅಲ್ಲವೇ ಎನ್ನುವಿರಿ. ಹೌದು, ಆದರೆ ಸಾಮತಿಯನ್ನು ಕೇಳುವವನಿಗೆ ಅದು ಕಥೆಯೆಂದು ಗೊತ್ತಿರುತ್ತದೆ. ಊರು, ಹೆಸರು ಹೇಳಿ ಓದಿದ ಪತ್ರವನ್ನು ದೂರದಲ್ಲಿ ಒಬ್ಬಂಟಿಯಾಗಿ ಕೇಳುವವನು, ತನ್ನಂಥವನೊಬ್ಬ ನಿಜವಾಗಿಯೂ ಬರೆದನೆಂದು ನಂಬುತ್ತಾನೆ. ಅಪರಿಚಿತ ಹಾಡುಗಳಿಗೆ ಬಾಗಿಲು ತೆರೆದ ಮನೆ ಅಪರಿಚಿತ ಕೇಳುಗನಿಗೆ ಮಾತ್ರ ತೆರೆಯಲಿಲ್ಲವೆಂಬುದು ನೋವಿನ ಸಂಗತಿ. ಇನ್ನೂ ಒಂದು: ವೈವಿಧ್ಯ ಎಷ್ಟೇ ಇದ್ದರೂ ಬಹುಪಾಲು ಹಾಡುಗಳು ಇಂಗ್ಲಿಷಿನವು, ಅಮೆರಿಕೆಯವು. ಜೊತೆಗೆ ಉಪಗ್ರಹ ರೇಡಿಯೋಗೆ ಚಂದಾ ಕಟ್ಟಬೇಕಿತ್ತು.

ಡಿಲನ್ ಅವರು ರೇಡಿಯೋದಿಂದ ಪಡೆದದ್ದು ಮಾತ್ರ ಚಂದಾ ಇಲ್ಲದ್ದು. ಅವರು ಬೆಳೆದದ್ದು ಮಿನೆಸೋಟ ರಾಜ್ಯದ ಉತ್ತರದ ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿಯೂರಿನಲ್ಲಿ. ಮಧ್ಯಮ ತರಂಗದ ರೇಡಿಯೋ ಹಗಲಿನಲ್ಲಿ ಹತ್ತಿರದವರೆಗೆ ಮಾತ್ರ ಕೇಳುತ್ತದೆ. ರಾತ್ರಿಯಾದರೆ ವಾಯುಮಂಡಲದ ಮೇಲ್ಪದರಕ್ಕೆ ತಾಗಿ ಮರಳಿ ನೂರಾರು ಮೈಲಿ ದಾಟುತ್ತದೆ. ಹಾಗೆ ದಕ್ಷಿಣದ ನಿಲಯಗಳಿಂದ ಹರಿದುಬಂದ ಕರಿಯರ ಬ್ಲೂಸನ್ನೂ ಬಿಳಿಯರ ಹಳ್ಳಿಹಾಡನ್ನೂ ಆ ಹುಡುಗ ಕತ್ತಲೆಯಲ್ಲಿ ಕೇಳಿದ. ಶಾಲೆಯಲ್ಲಿಯೂ ಬಸ್ಸಿನಲ್ಲಿಯೂ ಕರಿಯರನ್ನು ಬೇರೆ ಕೂರಿಸುತ್ತಿದ್ದ ಸೀಮೆಯ ಹಾಡುಗಳು ಅವನ ಹಾಸಿಗೆಯ ಬಳಿ ಒಟ್ಟಿಗೆ ಬಂದು ನಿಂತವು.

ನೂರನೆಯ ಕಂತಿನ ವಿಷಯ ‘ವಿದಾಯ’. ಅದರ ಕೊನೆಯಲ್ಲಿ ಅವರು ನುಡಿಸಿದ್ದು ವುಡಿ ಗತ್ರಿಯವರ ಧ್ವನಿಮುದ್ರಿಕೆಯನ್ನು. 1961ರ ಜನವರಿಯಲ್ಲಿ ಹತ್ತೊಂಬತ್ತರ ಡಿಲನ್ ಹುಡುಕಿಕೊಂಡು ಹೋದದ್ದು ಇದೇ ಗತ್ರಿಯವರನ್ನು. ಆಗ ಅವರು ನರರೋಗದಿಂದ ನ್ಯೂ ಜೆರ್ಸಿಯ ಆಸ್ಪತ್ರೆಯೊಂದರಲ್ಲಿದ್ದರು. ಆ ಹುಡುಗ ಅವರದೇ ಹಾಡುಗಳನ್ನು ಅವರಿಗೆ ಹಾಡಿ ಕೇಳಿಸಿದ್ದ.